ಹೆಂಡತಿಯ ಹುಟ್ಟುಹಬ್ಬಕ್ಕೆ ಮಗ್ಗದ ಕ್ಯಾಸೆಟ್ಟು

ಕರಾವೋಕೆಯನ್ನು ಕಂಡುಹಿಡಿದವನು ನಾನು ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ, ನನ್ನ ಹೆಂಡತಿಯೂ ನಗುತ್ತಾಳೆ. ಮೊನ್ನೆ ನೆಂಟರೊಬ್ಬರ ಹುಟ್ಟುಹಬ್ಬವೆಂದು ಬಾಗಲಕೋಟೆಯ ಹೋಟೆಲೊಂದಕ್ಕೆ ಹೋಗಿದ್ದೆವು. ಅಲ್ಲಿ ಒಂದು ಪೆಟ್ಟಿಗೆಯಿಂದ ಹಾಡುಗಾರರಿಲ್ಲದ ಹಾಡು ಹೊರಡುತ್ತಿತ್ತು. ಬಂದವರು ಒಬ್ಬೊಬ್ಬರೇ ಎದ್ದು ಮೈಕು ಹಿಡಿದು ಅದರ ಮೇಲೆ ತಮ್ಮ ದನಿ ಏರಿಸುತ್ತಿದ್ದರು. ಕೆಲವರ ದನಿ ಏರಿತು, ಕೆಲವರದು ಜಾರಿ ಬಿತ್ತು, ಚಪ್ಪಾಳೆ ಮಾತ್ರ ಎಲ್ಲರಿಗೂ ಒಂದೇ ಅಳತೆಯದು. "ಅಜ್ಜಾ, ಇದನ್ನ ಕಂಡಹಿಡದವ್ರು ಜಪಾನದವ್ರು" ಎಂದು ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ನನಗೆ ತಿಳಿವಳಿಕೆ ಕೊಟ್ಟಳು. ಜಪಾನದವರು ದೊಡ್ಡವರು, ಅವರ ಜೊತೆ ನನಗೆ ತಕರಾರಿಲ್ಲ. ಆದರೆ ಎಂಬತ್ತರ ದಶಕದಲ್ಲೇ ಹುನಗುಂದದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಇದೇ ಕೆಲಸ ಒಂದು ಸಲ ನಡೆದಿತ್ತು. ಅದರಲ್ಲಿ ಎಲ್ಲವೂ ಚೆನ್ನಾಗಿ ಆಯಿತು, ನನ್ನ ಮರ್ಯಾದೆ ಒಂದನ್ನು ಬಿಟ್ಟು.

ಆಗ ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಊರಿನವರು ಮಾಸ್ತರ್ರು ಅನ್ನುತ್ತಿದ್ದರು, ಅದನ್ನು ಕೇಳಿ ಮಾವನ ಮನೆಯವರೂ ಮಾಸ್ತರ್ರು ಅನ್ನಲು ಶುರು ಮಾಡಿದ್ದರು. ನಮ್ಮ ಕಡೆ ಆ ಕಾಲಕ್ಕೆ ಹುಟ್ಟುಹಬ್ಬ ಎನ್ನುವುದು ದೇವರಿಗೂ ಸಾಹೇಬರ ಮಕ್ಕಳಿಗೂ ಇತ್ತು. ಉಳಿದವರಿಗೆ ಇದ್ದದ್ದು ಜನ್ಮತಾರೀಖು. ಅದನ್ನು ದಯಪಾಲಿಸುತ್ತಿದ್ದವರು ಕನ್ನಡ ಸಾಲೆಯ ಹೆಡ್ ಮಾಸ್ತರರು. ಸಾಲೆಗೆ ಹಾಕಲು ಕರೆತಂದ ಕೂಸಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸು ತುಂಬಿತು, ಮುಟ್ಟದಿದ್ದರೆ ಮುಂದಿನ ವರ್ಷ. ಮುಟ್ಟಿದವರಿಗೆಲ್ಲ ಜೂನ್ ಒಂದು. ನಮ್ಮ ಹೈಸ್ಕೂಲಿನಲ್ಲಿ ಹನ್ನೊಂದು ಜನ ಮಾಸ್ತರರಿದ್ದೆವು, ಅದರಲ್ಲಿ ಒಂಬತ್ತು ಜನ ಜೂನ್ ಒಂದಕ್ಕೇ ಭೂಮಿಗೆ ಇಳಿದವರು. ನನ್ನ ಕೈ ಉದ್ದವಿದ್ದದ್ದರಿಂದ ನಾನು ಒಂದು ವರ್ಷ ಮೊದಲೇ ಹುಟ್ಟಿದ್ದೇನೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ಆ ಉದ್ದ ಕೈಯಿಂದ ಜೀವನದಲ್ಲಿ ನನಗೆ ಆದ ಲಾಭ ಅದೊಂದೇ, ಅದರಿಂದಲೂ ನಿವೃತ್ತಿ ಬೇಗ ಬಂತು.

ಈ ವ್ಯವಸ್ಥೆಯಲ್ಲಿ ಎಲ್ಲರೂ ಸುಖವಾಗಿದ್ದೆವು. ಆದರೆ ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ ಮಾಡಿದರು. ಬಾಗಲಕೋಟೆಯ ಬೇಕರಿಯಿಂದ ಕೇಕು ತರಿಸಿದ್ದರಂತೆ, ಬಣ್ಣದ ಕಾಗದ ಕಟ್ಟಿದ್ದರಂತೆ. ಹೋಗಿ ಬಂದ ನನ್ನ ಹೆಂಡತಿ ಗಿರಿಜಾ ಸಂಜೆಯೆಲ್ಲ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತಾಡುತ್ತವೆ. ಕೊನೆಗೆ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಏನ್ರಿ, ನಾ ಹುಟ್ಟಿದ್ದು ಯಾವತ್ತು?"

"ಜೂನ್ ಒಂದು. ನಿನ್ನ ಸಾಲಿ ದಾಖಲೆದಾಗ ಐತಲ್ಲ."

"ಅದು ನಿಮ್ಮದಲ್ಲ?"

"ನಂದೂ ಹೌದು."

"ಹೆಡ್ ಮಾಸ್ತರ್ರದು?"

"ಅವರದೂ ಹೌದು."

"ಅಷ್ಟೂ ಮಂದಿ ಹುಟ್ಟಿದ ದಿನ ನನಗ ಬ್ಯಾಡ. ನನಗ ನಂದೇ ಒಂದು ದಿನ ಬೇಕು. ನೀವು ಲೆಕ್ಕದ ಮಾಸ್ತರ್ರು, ಹುಡಿಕಿ ಕೊಡ್ರಿ."

ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಒಂದು ಸೀರೆ ಬೇಕು ಎಂದವಳಲ್ಲ, ಇಳಕಲ್ಲಿನಲ್ಲಿ ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಸೀರೆಯ ಹಂಬಲವೆಲ್ಲಿಯದು. ಬಂಗಾರ ಬೇಕು ಎಂದವಳೂ ಅಲ್ಲ. ಮೊದಲ ಸಲ ಏನೋ ಒಂದನ್ನು ಬಾಯಿಬಿಟ್ಟು ಕೇಳಿದ್ದಳು, ಅದೂ ಒಂದು ದಿನ. ವರ್ಷಕ್ಕೆ ಮುನ್ನೂರರವತ್ತೈದು ಇವೆ, ಒಂದನ್ನು ಎತ್ತಿಕೊಟ್ಟರಾಯಿತು ಎಂದು ನಾನು ಧೈರ್ಯವಾಗಿ ಒಪ್ಪಿಕೊಂಡೆ.

ಹುಡುಕಲು ಹೋದಾಗ ಗೊತ್ತಾಯಿತು. ಅತ್ತೆಯವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿಯೂ ಇರಲಿಲ್ಲ. ಉಳಿದವರು ಮಾವ. ಆದರೆ ಬಾಣಂತಿ ಕೋಣೆಯ ಸಂಗತಿಯನ್ನು ಗಂಡಸರ ಹತ್ತಿರ ಕೇಳುವ ಪದ್ಧತಿ ನಮ್ಮಲ್ಲಿಲ್ಲ. "ಅಪ್ಪಗ ಮಗ್ಗ ಬಿಟ್ರ ಏನು ಗೊತ್ತೈತ್ರಿ" ಎಂದು ಗಿರಿಜೆಯೇ ಹೇಳಿದಳು. ನನಗೂ ಹೌದೆನಿಸಿತು. ಎರಡು ಸಂಜೆ ಹಳೆಯ ಪಂಚಾಂಗವೊಂದನ್ನು ಮುಂದೆ ಹಿಡಿದು, ಬೆರಳು ಮಡಚಿ, ತುಟಿ ಅಲ್ಲಾಡಿಸಿ ಕೂತೆ. ಖರೆ ಹೇಳಬೇಕೆಂದರೆ ಆ ಪಂಚಾಂಗದಲ್ಲಿ ನನಗೆ ತಿಳಿಯುತ್ತಿದ್ದದ್ದು ರಟ್ಟಿನ ಮೇಲಿನ ಗಣಪತಿ ಚಿತ್ರ ಒಂದೇ. ಮೂರನೆಯ ಸಂಜೆ ಪುಸ್ತಕ ಮುಚ್ಚಿ, "ಸಿಕ್ಕಿತು. ಮಾಘ ಮಾಸ. ಈ ವರ್ಷ ಬರೋ ತಿಂಗಳ ಮೊದಲನೇ ರವಿವಾರ ಬೀಳತೈತಿ" ಎಂದೆ.

ಲಟ್ಟಣಿಗೆ ಕೈಯಲ್ಲೇ ಇತ್ತು. "ಖರೇನ್ರಿ?" ಎಂದಳು. ಆ ಮುಖ ನೋಡಿ ನನಗೆ ಖುಷಿಯಾಯಿತು, ಪಂಚಾಂಗವನ್ನು ಮಾತ್ರ ಅವಳ ಕೈಗೆ ಸಿಗದಂತೆ ಎತ್ತಿಟ್ಟೆ. ಮರುದಿನ ನಲ್ಲಿಯ ಹತ್ತಿರ ಓಣಿಯ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದಳು. ಸುಳ್ಳು ನಲ್ಲಿಯವರೆಗೆ ಹೋದ ಮೇಲೆ ಹಿಂದಕ್ಕೆ ಕರೆಯಲು ಬರುವುದಿಲ್ಲ.

ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳಿದೆ. ಕೇಕು ಬೇಡವಂತೆ, ಬಣ್ಣದ ಕಾಗದವೂ ಬೇಡವಂತೆ. "ಅಪ್ಪ ಬಂದು ನಮ್ಮ ಮನ್ಯಾಗ ಕುಂತು ಹಾಡಬೇಕು" ಎಂದಳು. ಚಿಕ್ಕಂದಿನಲ್ಲಿ ಅವಳಿಗೆ ದಿನಾ ಎಚ್ಚರವಾಗುತ್ತಿದ್ದದ್ದು ಅಪ್ಪನ ಮಗ್ಗದ ಸಪ್ಪಳಕ್ಕೆ, ಅದರ ಬೆನ್ನಿಗೆ ಬರುವ ಹಾಡಿಗೆ. "ಒಂದೆಳಿ ಹಗಲವ್ವ, ಒಂದೆಳಿ ಇರುಳವ್ವ" ಎಂದು ಶುರುವಾಗುವ ಉದ್ದನೆಯ ಹಾಡು. ಯಾರು ಕಟ್ಟಿದ್ದೋ ಗೊತ್ತಿಲ್ಲ, ಮಾವನಿಗೆ ಅವರ ತಾಯಿಯಿಂದ ಬಂದದ್ದು. ಈ ಹಾಡಿನ ವರ್ಣನೆ ಮಾಡಿ ಮಾಡಿ ಗಿರಿಜಾ ಓಣಿಯವರ ಕಿವಿ ತೂತು ಮಾಡಿದ್ದಳು. ಒಬ್ಬರೂ ಕೇಳಿರಲಿಲ್ಲ.

ನಾನು ಇಳಕಲ್ಲಿಗೆ ಹೋಗಿ ಮಾವನಿಗೆ ವಿಷಯ ತಿಳಿಸಿದೆ. ಅವರು ಕುಣಿಮಗ್ಗದಲ್ಲಿ ಕೂತಿದ್ದರು. ಕುಣಿಮಗ್ಗವೆಂದರೆ ನೆಲದಲ್ಲಿ ತಗ್ಗು ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತ ನೇಯುವುದು. ಮಾವನನ್ನು ನಾನು ಹೆಚ್ಚಾಗಿ ಸೊಂಟದ ಮೇಲಷ್ಟೇ ನೋಡಿದ್ದೆ. "ಬರ್ತೇನ್ರಿ ಮಾಸ್ತರ್ರ, ಮಗಳ ಮನಿಗೆ ಬರಾಕೇನು. ಆದ್ರ ಹಾಡು ಬರಂಗಿಲ್ಲ. ಕಾಲು ಆಡಿದ್ರ ಬಾಯಿ ಆಡತೈತಿ. ಮಗ್ಗ ಬಿಟ್ಟು ನಾ ಎಂದೂ ಹಾಡಿಲ್ಲ" ಎಂದರು. ಸುಮ್ಮನೆ ಸಂಕೋಚ ಎಂದುಕೊಂಡು, ಮಗ್ಗದಿಂದ ಮೇಲಕ್ಕೆಬ್ಬಿಸಿ, ಚಾಪೆಯ ಮೇಲೆ ಕೂಡಿಸಿ, ಹಾಡ್ರಿ ಎಂದೆ. ಪಾಪ, ಬಾಯಿ ತೆರೆದರು. "ಒಂದೆಳಿ" ಎಂದರು. ಎರಡನೆಯ ಎಳೆ ಬರಲೇ ಇಲ್ಲ. ಎಷ್ಟೋ ವರ್ಷ ದಿನಾ ಹಾಡಿದ ಹಾಡನ್ನು ಮರೆತವರಂತೆ ನನ್ನ ಮುಖ ನೋಡಿದರು.

ಮಗ್ಗವನ್ನು ಹುನಗುಂದಕ್ಕೆ ತರಲು ಬರುವುದಿಲ್ಲ. ತಂದರೂ ಬಾಡಿಗೆ ಮನೆಯಲ್ಲಿ ಕುಣಿ ತೋಡಲು ಮಾಲಕರು ಬಿಡುವುದಿಲ್ಲ. ಆಗ ನೆನಪಾದವರು ನಮ್ಮ ದೈಹಿಕ ಶಿಕ್ಷಕರಾದ ಹುಸೇನಸಾಬರು. ಅವರ ತಮ್ಮ ಅರಬಸ್ತಾನದಿಂದ ಒಂದು ಟೇಪ್ ರಿಕಾರ್ಡರ್ ತಂದುಕೊಟ್ಟಿದ್ದ. ಅದಕ್ಕೆ ಅವರ ಮನೆಯಲ್ಲಿ ಕಸೂತಿ ಹಾಕಿದ ಮುಸುಕಿತ್ತು. ಗುಂಡಿಯನ್ನು ಅವರ ಹೊರತು ಯಾರೂ ಒತ್ತುವಂತಿರಲಿಲ್ಲ. ಮನೆಯವರಿಗೂ ದೂರದಿಂದಲೇ ದರ್ಶನ. ಅವರ ಕೈಯಿಂದ ಆ ಡಬ್ಬಿಯನ್ನು ಒಂದು ರವಿವಾರದ ಮಟ್ಟಿಗೆ ಬಿಡಿಸಿಕೊಳ್ಳಲು ನಾನು ಕಬಡ್ಡಿ ಪಂದ್ಯಗಳಿಗೆ ಸೀಟಿ ಊದುವ ಪಂಚನಾಗಿ ಎರಡು ದಿನ ಬಿಸಿಲಲ್ಲಿ ನಿಂತೆ. "ಕೆಂಪು ಗುಂಡಿ, ಕರಿ ಗುಂಡಿ ಕೂಡೇ ಒತ್ರಿ. ಸೆಲ್ ಹೊಸಾವು ಅದಾವ, ಸುಳ್ಳೇ ಹಿಂದ ತಿರುವಿ ತಿರುವಿ ಕೇಳಿ ಖಾಲಿ ಮಾಡಬ್ಯಾಡ್ರಿ ಮತ್ತ" ಎಂದು ಆಜ್ಞೆ ಮಾಡಿ ಕಳಿಸಿದರು. ಆ ಕೊನೆಯ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಜೀವನದಲ್ಲಿ ವಿಧೇಯತೆ ನನಗೆ ಯಾವಾಗಲೂ ತಪ್ಪು ಜಾಗದಲ್ಲೇ ಬಂದಿದೆ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಇಳಕಲ್ಲಿಗೆ ಹೋದೆ. ಮಾವನ ಹಾಡನ್ನೇ ತುಂಬಿಕೊಂಡು ಬಂದು, ಮಾವನನ್ನು ಅದರ ಪಕ್ಕದಲ್ಲಿ ಕೂಡಿಸಿದರಾಯಿತು ಎಂದು ನನ್ನ ಯೋಜನೆ. ಗುಂಡಿ ಒತ್ತಿದೆ. ಮಾವ ನೇಯತೊಡಗಿದರು, ಆದರೆ ತುಟಿ ಬಿಚ್ಚಲಿಲ್ಲ. ಮನೆಗೆ ಬಂದ ಬೀಗರೆದುರು ಕೂತವರಂತೆ ಡಬ್ಬಿಯ ಕಡೆಗೊಮ್ಮೆ ನೋಡುವುದು, ರುಮಾಲು ಸರಿ ಮಾಡಿಕೊಳ್ಳುವುದು. "ಅದು ನನ್ನ ಬಾಯೇ ನೋಡಾಕ ಹತ್ತೇತ್ರಿ ಮಾಸ್ತರ್ರ" ಎಂದು ಕೊನೆಗೆ ಎದ್ದು ಎಲೆಅಡಕೆ ತರಲು ಹೋಗಿಯೇಬಿಟ್ಟರು. ಟೇಪು ಮೊದಲಿಗೆ ತಿರುಗಿಸಿಟ್ಟೆ. ಅಷ್ಟರಲ್ಲಿ ಗಿರಿಜೆಯ ತಮ್ಮ ಸಂಗಪ್ಪ ಮಗ್ಗಕ್ಕೆ ಇಳಿದು ನೇಯತೊಡಗಿದ. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು, ಖಟಕ್ ಪಟಕ್. ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಮಾವನಿಗೆ ಬೇಕಾದದ್ದು ಮಗ್ಗವಲ್ಲ, ಮಗ್ಗದ ಸಪ್ಪಳ! ಸಪ್ಪಳಕ್ಕೆ ಕುಣಿ ತೋಡಬೇಕಾಗಿಲ್ಲ. ಕೆಂಪು ಗುಂಡಿ, ಕರಿ ಗುಂಡಿ ಕೂಡಿಯೇ ಒತ್ತಿದೆ. ಅರ್ಧ ಗಂಟೆ ಸಂಗಪ್ಪ ನೇಯ್ದ, ನಡುವೆ ಒಂದು ಸಲ ಎಳೆ ಹರಿದು ನಿಂತ, ಗಂಟು ಹಾಕಿ ಮತ್ತೆ ನೇಯ್ದ. ನಾನು ಅಲ್ಲೇ ಚುರುಮುರಿ ತಿನ್ನುತ್ತ ಕೂತಿದ್ದೆ. ಆಮೇಲೆ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುವಿ ಕೇಳಲಿಲ್ಲ, ಸೆಲ್ಲುಗಳ ಮೇಲಿನ ಗೌರವದಿಂದ.

ಹುಟ್ಟುಹಬ್ಬದ ಸಂಜೆ ಐದಕ್ಕೆ ಪಡಸಾಲೆ ತುಂಬಿತು. ಹೆಡ್ ಮಾಸ್ತರರು ಹೆಂಡತಿ ಸಮೇತ ಬಂದರು, ಓಣಿಯ ಹೆಂಗಸರು ಬಂದರು. ಮಾವನೂ ಸಂಗಪ್ಪನೂ ಮಧ್ಯಾಹ್ನದ ಬಸ್ಸಿಗೇ ಬಂದಿದ್ದರು. ಏನಾದರೂ ಕತ್ತರಿಸದೆ ಹುಟ್ಟುಹಬ್ಬ ಕಳೆಗಟ್ಟುವುದಿಲ್ಲ ಎಂದು ಹೆಡ್ ಮಾಸ್ತರರ ಹೆಂಡತಿ ಮೊದಲೇ ಸಲಹೆ ಕೊಟ್ಟಿದ್ದರಿಂದ ನಾನು ಅಮೀನಗಡದಿಂದ ಕರದಂಟಿನ ದೊಡ್ಡದೊಂದು ಗಟ್ಟಿ ಮಾಡಿಸಿಕೊಂಡು ಬಂದಿದ್ದೆ. ಗಿರಿಜಾ ಚಾಕು ಒತ್ತಿದಳು. ಚಾಕು ಬಾಗಿತು, ಕರದಂಟು ಬಾಗಲಿಲ್ಲ. ಹೆಡ್ ಮಾಸ್ತರರು ತೋಳು ಏರಿಸಿ ಒತ್ತಿದರು, ಹುಸೇನಸಾಬರು ವ್ಯಾಯಾಮದ ಭಂಗಿಯಲ್ಲಿ ನಿಂತು ಒತ್ತಿದರು. ಕೊನೆಗೆ ಒಳಗಿನಿಂದ ಒನಕೆ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು, ಚೂರುಗಳು ಮೂಲೆ ಮೂಲೆಗೂ ಹಾರಿದವು, ಹುಡುಗರು ಹುಡುಕಿ ತಿಂದರು.

ಆಮೇಲೆ ಮಾವ ಗೋಡೆಗೆ ಒರಗಿ, ನಮ್ಮ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತರು. ಮುಂದಿನ ಸ್ಟೂಲಿನ ಮೇಲೆ ಡಬ್ಬಿ, ಡಬ್ಬಿಯ ಪಕ್ಕ ಕಾವಲಿಗೆ ಹುಸೇನಸಾಬರು. ಅವರೇ ಮುಸುಕು ತೆಗೆದರು, ಅವರೇ ಗುಂಡಿ ಒತ್ತಿದರು. ಖಟಕ್ ಪಟಕ್, ಖಟಕ್ ಪಟಕ್. ಬಂದವರಿಗೆ ಏನೂ ತಿಳಿಯಲಿಲ್ಲ. "ಗಿರಣಿ ಹಚ್ಚ್ಯಾರೇನವಾ?" ಎಂದು ಹಿಂದೆ ಯಾರೋ ಅಂದರು. ನಾನು ನೋಡುತ್ತಿದ್ದದ್ದು ಮಾವನ ಕಾಲು. ಬಲಗಾಲು ಮೊದಲು ಅಲ್ಲಾಡಿತು. ಆಮೇಲೆ ಎಡಗಾಲು. ಕೈಗಳು ಇಲ್ಲದ ಲಾಳಿಯನ್ನು ಎಸೆಯತೊಡಗಿದವು, ಕಣ್ಣು ಮುಚ್ಚಿತು, ಹಾಡು ಬಂತು.

ಆ ದನಿ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ, ನಾನು ಲೆಕ್ಕದವನು. ದೊಡ್ಡ ದನಿಯೇನೂ ಅಲ್ಲ. ಆದರೆ ಬಾಗಿಲಿಗೆ ಒರಗಿ ನಿಂತಿದ್ದ ಗಿರಿಜಾ ಕಣ್ಣೆದುರಿಗೇ ಏಳೆಂಟು ವರ್ಷದ ಹುಡುಗಿಯಾಗಿಬಿಟ್ಟಳು. ಓಣಿಯ ಹೆಂಗಸರನ್ನೆಲ್ಲ ಒಂದು ಸುತ್ತು ನೋಡಿದಳು, ನಾ ಹೇಳಿದ್ದಿಲ್ಲೇನು ಎನ್ನುವಂತೆ. ನನ್ನನ್ನೂ ನೋಡಿದಳು. ಹದಿನೈದು ವರ್ಷದಲ್ಲಿ ಅಂಥ ನೋಟ ನನಗೆ ಸಿಕ್ಕಿರಲಿಲ್ಲ. ನಾನು ಎದೆ ಉಬ್ಬಿಸಿ ನಿಂತೆ.

ಅಷ್ಟರಲ್ಲಿ ಡಬ್ಬಿಯಲ್ಲಿ ಎಳೆ ಹರಿಯಿತು.

ಸಪ್ಪಳ ನಿಂತಿತು. ಮಾವನೂ ನಿಂತರು, ಪದದ ನಡುವೆಯೇ. ಕಣ್ಣು ಮುಚ್ಚಿಕೊಂಡೇ ಬಗ್ಗಿ, ನಮ್ಮ ಮಂಚದ ಮುಂದಿನ ಗಾಳಿಯಲ್ಲಿ ಹರಿದ ಎಳೆಯನ್ನು ಹುಡುಕತೊಡಗಿದರು. ಹೋದ ವಾರ ಇಳಕಲ್ಲಿನಲ್ಲಿ ಹರಿದ ಎಳೆಗೆ ಗಂಟು ಬೀಳುವುದನ್ನು ಪಡಸಾಲೆಯ ಅಷ್ಟೂ ಜನ ಉಸಿರು ಹಿಡಿದು ಕಾಯುತ್ತಿದ್ದೆವು. ಆ ನಿಶ್ಶಬ್ದದಲ್ಲಿ ಡಬ್ಬಿಯೊಳಗಿನಿಂದ ಸಂಗಪ್ಪನ ದನಿ ಕೇಳಿತು. "ಮಾಸ್ತರ್ರ, ಅಕ್ಕ ಹುಟ್ಟಿದ್ದು ಖರೇನ ರವಿವಾರನರಿ?"

ಅದರ ಹಿಂದೆಯೇ ಚುರುಮುರಿ ಅಗಿಯುವ ಸಪ್ಪಳ. ಆಮೇಲೆ ನನ್ನ ದನಿ.

"ಏ, ಯಾವಾಗ ಹುಟ್ಯಾಳೋ ಯಾರಿಗೆ ಗೊತ್ತೋ ಮಾರಾಯಾ! ರವಿವಾರ ಸಾಲಿ ಸೂಟಿ, ಮಂದಿಗೂ ಪುರುಸೊತ್ತು ಇರತೈತಿ, ಅದಕ್ಕ ಆ ದಿನ ಹುಟ್ಟಿಸೇನಿ. ಪಂಚಾಂಗ ಸುಮ್ಮ ಮಾರಿ ಮುಂದ ಹಿಡಕೊಂಡು ಕುಂತಿದ್ದೆ. ನಿಮ್ಮಕ್ಕಗ ಹೇಳಬ್ಯಾಡ."

ನಾನು ಡಬ್ಬಿಯ ಮೇಲೆ ಹಾರಿದೆ. ಹುಸೇನಸಾಬರು ನನ್ನ ಕೈ ಹಿಡಿದರು. "ಗುಂಡಿ ಮುಟ್ಟಬ್ಯಾಡ್ರಿ ಮಾಸ್ತರ್ರ, ಹಂಗ ಬಂದ್ ಮಾಡಿದ್ರ ಟೇಪ್ ಸಿಕ್ಕೊಂತೈತಿ." ಉದ್ದ ಕೈ, ಅಂದು ಕಿವಿ ಮುಟ್ಟಿದ ಕೈ, ಒಂದು ಗುಂಡಿ ಮುಟ್ಟಲಾಗದೆ ನಡುವೆಯೇ ನಿಂತಿತು. ಡಬ್ಬಿ ಮುಂದುವರಿಸಿತು. "ಇನ್ನ ಹಾಡೋದು ಮುಗಿದ ಮ್ಯಾಲೆ ನಮ್ಮ ಹೆಡ್ ಮಾಸ್ತರ್ರು, ನಾನೂ ಒಂದು ಹಾಡ್ತೇನಿ ಅಂತ ಎದ್ರ, ಮೊದಲ ಈ ಡಬ್ಬಿ ಬಂದ್ ಮಾಡೋದು ನೋಡು."

ಆಗ ಗಂಟು ಬಿತ್ತು. ಖಟಕ್ ಪಟಕ್ ಶುರುವಾಯಿತು. ಮಾವ ನೆಟ್ಟಗೆ ಕೂತು, ಬಿಟ್ಟ ಅಕ್ಷರದಿಂದಲೇ ಹಾಡು ಎತ್ತಿದರು. ಅವರಿಗೆ ನಡುವಿನದೇನೂ ಕೇಳಿಸಿಯೇ ಇರಲಿಲ್ಲವೋ, ಕೆಲಸ ನಡೆದಾಗ ಮಾತಿಗೆ ಕಿವಿ ಕೊಡಬಾರದೆಂಬ ನೇಕಾರರ ಶಿಸ್ತೋ, ಹಾಡನ್ನು ಪೂರಾ ಮುಗಿಸಿಯೇ ಕಣ್ಣು ತೆರೆದರು. ಅಷ್ಟು ಹೊತ್ತೂ ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿದ್ದೆ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಅವಳು ಕೇಳಿದ್ದು ಒಂದೇ ಒಂದು ದಿನ, ಅದನ್ನೂ ನಾನು ಖೋಟಾ ಕೊಟ್ಟಿದ್ದೆ, ಅದೂ ಅವಳೇ ಕರೆದು ಕೂಡಿಸಿದವರೆಲ್ಲರ ಮುಂದೆ ಬಯಲಾಗಿತ್ತು.

ಗಿರಿಜಾ ನನ್ನ ಕಡೆ ನೋಡಲಿಲ್ಲ. ಸೀದಾ ಮಂಚದ ಹತ್ತಿರ ಹೋಗಿ ಅಪ್ಪನ ಕಾಲ ಬಳಿ ಕೂತಳು. "ಅಪ್ಪಾ, ನಾ ಹುಟ್ಟಿದ್ದು ಯಾವತ್ತು?"

"ನಾಗರಪಂಚಮಿ ಮರುದಿನ" ಎಂದರು ಮಾವ, ಊಟ ಆಯಿತೇ ಎಂದು ಕೇಳಿದರೆ ಹೇಳುವಷ್ಟು ಸರಳವಾಗಿ. "ಹೊತ್ತು ಏರಿತ್ತು. ನಾ ಸೀರಿ ಮೈ ಎಳಿಗೆ ಸೆರಗಿನ ಎಳಿ ಒಂದೊಂದ ಕೂಡಸಾಕ ಹತ್ತಿದ್ದೆ. ಅರ್ಧಾ ಕೂಡಿಸಿದ್ದೆ, ಸೂಲಗಿತ್ತಿ ಹೊರಗ ಬಂದು ಹೆಣ್ಣಾತೋ ಅಂದ್ಲು. ಆ ಮ್ಯಾಲೆ ಉಳಿದರ್ಧ ಎಳಿ ಎಲ್ಲೆಲ್ಲೋ ಕೂಡಿದ್ವು. ಸೀರಿ ಮಾರಾಕ ಬರಲಿಲ್ಲ, ನಿಮ್ಮವ್ವಗ ಉಡಿಸಿದೆ."

"ಕೆಂಪು ಅಂಚಿನ ಸೀರಿ? ಸೆರಗು ಸೊಟ್ಟ ಇದ್ದದ್ದು?"

"ಅದ. ನೀ ಅದರಾಗ ಮಲಗಾಕಿ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲಪ್ಪಾ?"

"ಯಾರೂ ಕೇಳಲಿಲ್ಲಲ್ಲವ್ವಾ."

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಡ್ ಮಾಸ್ತರರ ಹೆಂಡತಿಯೂ ಒರೆಸಿಕೊಂಡರು. ಆ ಗಳಿಗೆಯಲ್ಲಿ ಅಳುವ ಯೋಗ್ಯತೆ ಇಲ್ಲದವನು ನಾನೊಬ್ಬನೇ. ಪಂಚಾಂಗ ತಿರುವಿದೆ, ಪಂಚನಾಗಿ ನಿಂತೆ, ಡಬ್ಬಿ ಹೊತ್ತೆ. ಎದುರಿಗೇ ಕೂತ ಮನುಷ್ಯನನ್ನು ಒಂದು ಮಾತು ಕೇಳಲಿಲ್ಲ. ಆಗ ಗಿರಿಜಾ ನನ್ನ ಕಡೆ ತಿರುಗಿದಳು. ನಾನು ದಿನಾ ವರ್ಗದಲ್ಲಿ ಹುಡುಗರಿಗೆ ಹೇಳುವ ಧಾಟಿಯಲ್ಲೇ, "ಮಾಸ್ತರ್ರ, ಲೆಕ್ಕ ತಪ್ಪೇತಿ. ಪಂಚಮಿ ಮರುದಿನ ತಿದ್ದಿ ತೋರಸ್ರಿ" ಎಂದಳು. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ನನಗೆ ಹೋದ ಉಸಿರು ಬಂತು.

ನಗು ನಿಂತ ಮೇಲೆ ಹೆಡ್ ಮಾಸ್ತರರು ಗಂಟಲು ಸರಿಪಡಿಸಿಕೊಂಡು ಎದ್ದರು. "ಈಗ ನಾನೂ ಒಂದು ಹಾಡ್ತೇನಿ. ಹುಸೇನಸಾಬ್, ಡಬ್ಬಿ ಹಚ್ಚ್ರಿ. ಯಾರೂ ಬಂದ್ ಮಾಡಬ್ಯಾಡ್ರಿ." ಮಗ್ಗದ ತಾಳಕ್ಕೆ ಅವರು ಭಜನೆ ಹಾಡಿದರು, ಚೆನ್ನಾಗಿಯೇ ಹಾಡಿದರು. ಹೆಂಗಸರು ಬೀಸುವ ಪದ ಹಾಡಿದರು, ಹುಸೇನಸಾಬರು ಮೊಹರಮ್ಮಿನ ರಿವಾಯತ ಹಾಡಿದರು. ಎಲ್ಲ ಹಾಡೂ ಆ ಖಟಕ್ ಪಟಕ್ಕಿಗೆ ಹೊಂದಿಕೊಂಡವು. ಮುಗಿದಾಗಲೆಲ್ಲ ಟೇಪನ್ನು ಹಿಂದಕ್ಕೆ ತಿರುವುವುದು, ಸೆಲ್ಲಿನ ಚಿಂತೆ ಈಗ ಹುಸೇನಸಾಬರಿಗೂ ಇರಲಿಲ್ಲ. ಪ್ರತಿ ಸಲವೂ ಅದೇ ಜಾಗದಲ್ಲಿ ಎಳೆ ಹರಿಯುತ್ತಿತ್ತು, ಹಾಡುವವರು ನಿಲ್ಲುತ್ತಿದ್ದರು, ನನ್ನ ದನಿ ಬರುತ್ತಿತ್ತು. ಮೂರನೆಯ ಸಲಕ್ಕೆ ಪಡಸಾಲೆಗೆಲ್ಲ ಬಾಯಿಪಾಠವಾಗಿತ್ತು. "ಯಾವಾಗ ಹುಟ್ಯಾಳೋ ಯಾರಿಗೆ ಗೊತ್ತೋ ಮಾರಾಯಾ" ಎಂದು ಹೆಂಗಸರು, ಗಂಡಸರು, ಹುಡುಗರು ಒಂದೇ ದನಿಯಲ್ಲಿ ಡಬ್ಬಿಯ ಜೊತೆ ಹೇಳಿದರು. ನನ್ನ ಸರದಿ ಬಂದಾಗ ನಾನೂ ಹಾಡಿದೆ. ತಾಳ ತಪ್ಪಿತು. "ಸಂಗಪ್ಪ ಮತ್ತ ಎಳಿ ಹರದಾನೇನ್ರಿ?" ಎಂದು ಮಾವ ಗಾಬರಿಯಿಂದ ಕೇಳಿದರು.

ಆ ವರ್ಷದ ಪಂಚಮಿ ಮರುದಿನ ಲೆಕ್ಕ ತಿದ್ದಿ ತೋರಿಸಿದೆ. ಅಂದಿನಿಂದ ಪ್ರತಿ ವರ್ಷ ತೋರಿಸುತ್ತಿದ್ದೇನೆ. ಮಾವ ಈಗಿಲ್ಲ. ಅವರ ಹಾಡು ಎಲ್ಲಿಯೂ ಉಳಿದಿಲ್ಲ. ಅಂದು ಇದ್ದದ್ದು ಒಂದೇ ಡಬ್ಬಿ, ಅದು ಸಪ್ಪಳ ಮಾಡುವುದರಲ್ಲಿ ತೊಡಗಿತ್ತು, ಕೇಳಿಸಿಕೊಳ್ಳಲು ಅದಕ್ಕೆ ಪುರುಸೊತ್ತಿರಲಿಲ್ಲ. ಆಮೇಲೆ ಮಾವ ಕೆಂಪು ಗುಂಡಿಯ ಮುಂದೆ ಬಾಯಿ ಬಿಡಲೇ ಇಲ್ಲ. ಉಳಿದಿರುವುದು ಆ ಕ್ಯಾಸೆಟ್ಟು. ಅದರಲ್ಲಿ ಮಗ್ಗ, ಸಂಗಪ್ಪನ ಒಂದು ಪ್ರಶ್ನೆ ಮತ್ತು ನಾನು. ಇದು ನನಗೆ ಈಗಲೂ ನೋವಿನ ಸಂಗತಿ. ಉಳಿಯಬೇಕಾದವರ ದನಿ ಹೋಗಿ, ಚುರುಮುರಿ ತಿನ್ನುವವನ ದನಿ ಉಳಿದಿದೆ.

ಆದರೆ ಗಿರಿಜಾ ಬಿಟ್ಟಿಲ್ಲ. ಪಂಚಮಿ ಮರುದಿನ ಬೆಳಿಗ್ಗೆ ಕ್ಯಾಸೆಟ್ಟು ಹಾಕಿ, ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತು, ಅಪ್ಪನ ಹಾಡನ್ನು ತಾನೇ ಹಾಡುತ್ತಾಳೆ. ಕಾಲೂ ಅಪ್ಪನಂತೆಯೇ ಆಡುತ್ತದೆ. ಎಳೆ ಹರಿದಾಗ ನಿಲ್ಲುತ್ತಾಳೆ, ಕಣ್ಣು ತೆರೆದು ನನ್ನ ಮುಖವನ್ನೇ ನೋಡುತ್ತ ಕಾಯುತ್ತಾಳೆ. ಟೇಪು ಈಗ ಸವೆದಿದೆ, ಆ ಜಾಗದಲ್ಲಿ ನನ್ನ ಮಾತು ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ನಾನು ಎದ್ದು ನಿಂತು, "ಯಾವಾಗ ಹುಟ್ಯಾಳೋ ಯಾರಿಗೆ ಗೊತ್ತೋ ಮಾರಾಯಾ" ಎಂದು ಶುರು ಮಾಡಿ ಕೊನೆಯತನಕ ಒಪ್ಪಿಸುತ್ತೇನೆ, ಹೆಡ್ ಮಾಸ್ತರರ ಸಾಲನ್ನೂ ಬಿಡದೆ. ಸರಿಯಾಗಿ ನಾನು ಮುಗಿಸುವ ಹೊತ್ತಿಗೆ ಗಂಟು ಬಿದ್ದು ಮಗ್ಗ ಶುರುವಾಗುತ್ತದೆ. ನನ್ನ ಇಡೀ ಆಯುಷ್ಯದಲ್ಲಿ ತಾಳ ತಪ್ಪದೆ ಹೇಳಲು ಬಂದದ್ದು ಅದೊಂದೇ.